ಮರಗೆಣಸು ಬೇಯಿಸುವ ಮುಂಚೆ

ಮರಗೆಣಸನ್ನು (ಕಪ್ಪ) ಹಸಿಯಾಗಿ ಒಂದು ತುಂಡೂ ಬಾಯಿಗೆ ಹಾಕಬೇಡಿ. ಅದರಲ್ಲಿ ಲಿನಾಮರಿನ್ ಎಂಬ ಅಂಶವಿದೆ. ಗೆಡ್ಡೆ ಕೊಯ್ದಾಗ, ಜಜ್ಜಿದಾಗ ಅದು ಒಡೆದು ಸಯನೈಡ್ ಹೊರಬರುತ್ತದೆ. ತಿರುಳಿಗಿಂತ ಸಿಪ್ಪೆಯಲ್ಲೇ ಇದು ಜಾಸ್ತಿ.

ಕಂದು ಹೊರಪದರ ಕೆರೆದರೆ ಸಾಲದು. ಅದರ ಕೆಳಗಿನ ದಪ್ಪ ಬಿಳಿ ಅಥವಾ ನಸುಗುಲಾಬಿ ಪದರಕ್ಕೆ ಉದ್ದುದ್ದ ಚಾಕು ಎಳೆದು ಎಬ್ಬಿಸಿದರೆ ಪಟ್ಟಿಯಂತೆ ಸುಲಿದು ಬರುತ್ತದೆ. ನಡುವಿನ ನಾರನ್ನೂ ತೆಗೆಯಿರಿ. ಒಂದಿಂಚಿಗಿಂತ ಸಣ್ಣ ಹೋಳು ಮಾಡಿ, ಮುಳುಗಿ ಮೇಲೆ ನಾಲ್ಕು ಬೆರಳು ನಿಲ್ಲುವಷ್ಟು ತಣ್ಣೀರು ಹಾಕಿ ಸಣ್ಣ ಉರಿಯಲ್ಲಿ ಶುರುಮಾಡಿ. ಕುದಿನೀರಿಗೆ ಹಾಕಿದರೆ ಲಿನಾಮರಿನ್ ಒಡೆಯುವ ಕಿಣ್ವವೇ ಮೊದಲು ಸಾಯುತ್ತದೆ. ಲಿನಾಮರಿನ್ ಹೋಳಿನೊಳಗೇ ಉಳಿಯುತ್ತದೆ. ಮುಚ್ಚಳ ಬೇಡ, ಒಡೆದು ಬಂದ ಸಯನೈಡ್ ಆವಿಯ ಜೊತೆ ಹೋಗಬೇಕು. ಅರ್ಧ ಬೆಂದಾಗ ನೀರು ಬಸಿದು ಹೊಸ ನೀರಲ್ಲಿ ಪೂರ್ತಿ ಬೇಯಿಸಿ, ಆ ನೀರನ್ನೂ ಚೆಲ್ಲಿ. ಸಾರಿಗಂತೂ ಬಳಸಲೇಬೇಡಿ. ಕುಕ್ಕರ್ ಸೀಟಿ ಇಲ್ಲಿ ಒಳ್ಳೆಯ ಉಪಾಯವಲ್ಲ.

ಬೆಂದ ಮೇಲೂ ಕಹಿ ಇದ್ದರೆ ಎಸೆಯಿರಿ, ಹುಣಸೆಹುಳಿ ಹಾಕಿ ಸರಿಮಾಡಲು ಹೋಗಬೇಡಿ. ಹಾಗಂತ ಕಹಿ ಇಲ್ಲದ್ದೆಲ್ಲ ಸುರಕ್ಷಿತ ಅಂತಲೂ ಅಲ್ಲ. ದಪ್ಪ ಹೋಳನ್ನು ಬರೀ ಬಿಸಿಲಿಗೆ ಒಣಗಿಸಿ ಹಿಟ್ಟು ಮಾಡುವುದೂ ಅಪಾಯವೇ.

ತಿಂದ ಕೆಲವು ಗಂಟೆಗಳಲ್ಲಿ ವಾಂತಿ, ಹೊಟ್ಟೆನೋವು, ತಲೆಸುತ್ತು, ಉಸಿರುಕಟ್ಟಿದಂತಾದರೆ ಮನೆಮದ್ದು ಮಾಡುತ್ತ ಕೂರದೆ ಆಸ್ಪತ್ರೆಗೆ ಓಡಿ, ಏನು ತಿಂದಿದ್ದೆಂದು ಹೇಳಿ. ಮಕ್ಕಳಿಗೆ ವಿಷವೇರಲು ಸ್ವಲ್ಪವೇ ಸಾಕು.

ಹಸಿ ಸಿಪ್ಪೆ, ಸೊಪ್ಪನ್ನು ದನ, ಆಡುಗಳ ಬಾಯಿಗೆ ಸಿಗುವಂತೆ ಬಿಡಬೇಡಿ.