ಧಾನ್ಯದ ವಾಶ್ ತಳ ಹಿಡಿಯದ ಹಾಗೆ ಬಟ್ಟಿ ಇಳಿಸುವುದು: ನನ್ನ ಅನುಭವ

ಸಕ್ಕರೆ ವಾಶ್ (ವಾಶ್ ಅಂದರೆ ಬಟ್ಟಿಗೆ ಹಾಕುವ ಹುದುಗಿದ ರಸ) ಇಳಿಸುವವರಿಗೆ ಈ ತಳ ಹಿಡಿಯುವ ತಲೆನೋವು ಇಲ್ಲ. ಬಾರ್ಲಿ, ಮೆಕ್ಕೆಜೋಳ, ರೈ ಅಂತ ಧಾನ್ಯಕ್ಕೆ ಕೈ ಹಾಕಿದ ಮೇಲೆಯೇ ಇದರ ಕಾಟ ಶುರು. ನಾನಿರುವುದು ನ್ಯೂಜಿಲೆಂಡಿನಲ್ಲಿ. ಇಲ್ಲಿ ಸ್ವಂತ ಬಳಕೆಗೆ ಮನೆಯಲ್ಲೇ ಬಟ್ಟಿ ಇಳಿಸುವುದಕ್ಕೆ 1996ರಿಂದ ಅನುಮತಿ ಇದೆ, ಮಾರುವ ಹಾಗಿಲ್ಲ ಅಷ್ಟೇ. (ಊರಲ್ಲಿ ಕೈ ಹಾಕಬೇಡಿ, ಅಬಕಾರಿಯವರು ಸುಮ್ನೆ ಬಿಡಲ್ಲ.)

ನನ್ನದು ಒಳಗೇ 2,000 ವಾಟಿನ ಎಲಿಮೆಂಟ್ ಇರುವ ಸ್ಟೀಲ್ ಬಾಯ್ಲರ್. ಹುದುಗಿದ ವಾಶನ್ನು ಗಷ್ಟು ಸಮೇತ ಇದಕ್ಕೆ ಸುರಿದರೆ ಹಿಟ್ಟು, ಯೀಸ್ಟ್ ಎಲ್ಲ ಎಲಿಮೆಂಟಿಗೆ ಮೆತ್ತಿಕೊಂಡು ಅಲ್ಲೇ ಸೀಯುತ್ತದೆ. ರಾಗಿ ಗಂಜಿ ತಳ ಹಿಡಿದರೆ ಮೇಲಿನದನ್ನಾದರೂ ಬಗ್ಗಿಸಿಕೊಳ್ಳಬಹುದು, ಇಲ್ಲಿ ಸೀದ ವಾಸನೆ ಆವಿಯ ಜೊತೆ ಹೊರಟು ನೇರ ಸ್ಪಿರಿಟ್ಟಿಗೇ ಬರುತ್ತದೆ. ಆಮೇಲೆ ಎರಡನೇ ಸಲ ಇಳಿಸಿದರೂ ಇದ್ದಿಲಿನಲ್ಲಿ ಸೋಸಿದರೂ ಪೂರ್ತಿ ಹೋಗುವುದಿಲ್ಲ.

ಎಲ್ಲರೂ ಉರಿಯನ್ನು ಬೈತಾರೆ. ನನ್ನ ಪ್ರಕಾರ ಅರ್ಧ ಕೆಲಸ ಮ್ಯಾಶ್ ಹಂತದಲ್ಲೇ, ಅಂದರೆ ಧಾನ್ಯದ ಪಿಷ್ಟವನ್ನು ಬಿಸಿ ನೀರಿನಲ್ಲಿ ಸಕ್ಕರೆ ಮಾಡುವಾಗಲೇ, ಮುಗಿದಿರಬೇಕು. ಸಕ್ಕರೆಯಾಗದೆ ಉಳಿದ ಪಿಷ್ಟವೇ ಅಂಟಾಗಿ ತಳಕ್ಕೆ ಕೂರುವುದು. ಮಾಲ್ಟ್ (ಮೊಳಕೆ ಬರಿಸಿ ಒಣಗಿಸಿದ ಧಾನ್ಯ) ಹಾಕಿ 65 ಡಿಗ್ರಿ ಆಸುಪಾಸಿನಲ್ಲಿ ಇಟ್ಟ ಮೇಲೆ, ಬಿಳಿ ತಟ್ಟೆಯಲ್ಲಿ ಒಂದು ಚಮಚ ರಸ ಹಾಕಿ ಒಂದು ತೊಟ್ಟು ಅಯೋಡಿನ್ ಬಿಡುತ್ತೇನೆ. ನೀಲಿ-ಕಪ್ಪಾದರೆ ಪಿಷ್ಟ ಇನ್ನೂ ಇದೆ ಅಂತ. ಅಯೋಡಿನ್ನಿನ ಕಂದು ಬಣ್ಣವೇ ನಿಂತರೆ ಆಯಿತು. ತಿಳಿ ರಸವನ್ನೇ ತಗೊಳ್ಳಿ, ಹೊಟ್ಟಿನ ಚೂರು ಬಿದ್ದಿದ್ದರೆ ಅದು ಹೇಗೂ ಕಪ್ಪಾಗುತ್ತೆ, ಸುಮ್ನೆ ಗಾಬರಿ.

ಹುದುಗುವುದು ಪೂರ್ತಿ ನಿಂತ ಮೇಲೆ ಬಟ್ಟೆ ಚೀಲದಲ್ಲಿ ಹಿಂಡಿ, ತಂಪಾದ ಜಾಗದಲ್ಲಿ ಕೆಲವು ದಿನ ಬಿಟ್ಟು, ಮೇಲಿನ ತಿಳಿಯನ್ನಷ್ಟೇ ಪೈಪಿನಲ್ಲಿ ಎಳೆದುಕೊಳ್ಳುತ್ತೇನೆ. ಕೆಳಗಿನ ಎರಡು ಲೀಟರ್ ಹೋದರೆ ಹೋಗಲಿ, ಆಸೆ ಪಡಬಾರದು. ರೈ ಮಾತ್ರ ಲೋಳೆ ಲೋಳೆ, ಚೀಲದಿಂದ ಇಳಿಯುವುದೇ ಇಲ್ಲ, ಅದಕ್ಕೆ ತಾಳ್ಮೆ ಜಾಸ್ತಿ ಬೇಕು.

ಇನ್ನು ಉರಿ. ಕಂಟ್ರೋಲರ್‌ನಲ್ಲಿ ಅರ್ಧಕ್ಕೆ ಇಟ್ಟು ನಿಧಾನವಾಗಿ ಏರಿಸುತ್ತೇನೆ. 40 ಡಿಗ್ರಿವರೆಗೆ ಮರದ ಸೌಟಿನಲ್ಲಿ ಕೈಯಾಡಿಸಿ, ಆಮೇಲೆ ಮುಚ್ಚಳ ಭದ್ರ. ಆವಿಗೆ ಬೆಂಕಿ ಹತ್ತುತ್ತೆ, ಹತ್ತಿರದಲ್ಲಿ ಗ್ಯಾಸ್ ಒಲೆ ಗೀಲೆ ಇರಕೂಡದು. ಕುದಿ ಬಂದ ಮೇಲೆ ವಾಶ್ ತಾನೇ ಮೇಲೆ ಕೆಳಗೆ ಆಡುತ್ತೆ, ಅಪಾಯ ಅದಕ್ಕೂ ಮುಂಚೆ ಎಲ್ಲಾ ತಳದಲ್ಲಿ ಸುಮ್ಮನೆ ಕೂತಿರುವಾಗಲೇ. ಹೊಸದು ಕೊಳ್ಳುವವರು ಅಷ್ಟೇ ವಾಟಿನ ಉದ್ದ ಎಲಿಮೆಂಟ್ ನೋಡಿ, ಶಾಖ ಹೆಚ್ಚು ಜಾಗಕ್ಕೆ ಹರಡಿಕೊಳ್ಳುತ್ತೆ. ಧಾನ್ಯ ಸಮೇತವೇ ಇಳಿಸಬೇಕು ಅನ್ನುವವರಿಗೆ ಎರಡು ಗೋಡೆಯ ಬಾಯ್ಲರ್ ಅಥವಾ ಸ್ಟೀಮ್ ಬಿಟ್ಟರೆ ಬೇರೆ ದಾರಿ ನನಗೆ ಕಂಡಿಲ್ಲ. ಸ್ಕಾಟ್‌ಲೆಂಡಿನ ಗ್ಲೆನ್‌ಫಾರ್ಕ್ಲಾಸ್‌ ವಿಸ್ಕಿ ಕಾರ್ಖಾನೆಯಂಥ ಕಡೆ ಸ್ಟಿಲ್ಲಿಗೆ (ಬಟ್ಟಿ ಪಾತ್ರೆಗೆ) ನೇರ ಬೆಂಕಿ ಕೊಡುತ್ತಾರೆ, ಆದರೆ ಒಳಗೆ ಸರಪಳಿ ತಿರುಗುತ್ತಾ ತಳವನ್ನು ಕೆರೆಯುತ್ತಲೇ ಇರುತ್ತೆ. ಮನೆಯಲ್ಲಿ ಅದೆಲ್ಲ ಆಗುವ ಮಾತಲ್ಲ, ಅಲ್ವಾ.

ನಡುವೆ ಸೀದ ವಾಸನೆ ಬಂದರೆ ಮೊದಲು ಸ್ವಿಚ್ ಆಫ್. ಪೂರ್ತಿ ಆರಿದ ಮೇಲೆಯೇ ಬಿಚ್ಚಿ. ಎಲಿಮೆಂಟಿನ ಕರಿ ಪದರವನ್ನು ಬಿಸಿ ನೀರು, ವಾಷಿಂಗ್ ಸೋಡಾದಲ್ಲಿ ರಾತ್ರಿಯಿಡೀ ನೆನೆಸಿ ನೈಲಾನ್ ಬ್ರಷ್‌ನಲ್ಲಿ ಉಜ್ಜಿ. ಉಕ್ಕಿನ ನಾರು ಬೇಡ, ಗೀರು ಬಿದ್ದ ಕಡೆಯೇ ಮುಂದಿನ ಸಲ ಮೊದಲು ಹಿಡಿಯುತ್ತೆ.