ಇನ್‌ಫ್ರಾರೆಡ್ ಫಿಲ್ಮಿನಲ್ಲಿ ಕಣ್ಣು ಶಾರ್ಪ್ ಬರಬೇಕಾದರೆ

ಕಣ್ಣಿಗೆ ಕಾಣದ, ಕೆಂಪಿನಾಚೆಯ ಕಿರಣಗಳನ್ನೂ ಹಿಡಿಯುವ ಇನ್‌ಫ್ರಾರೆಡ್ ಫಿಲ್ಮಿನಲ್ಲಿ ಮರ, ಮೋಡ ತೆಗೆಯುವುದು ಸುಲಭ. ಲೆನ್ಸಿನ ಕಿಂಡಿ ಕಿರಿದು ಮಾಡಿ ಎಫ್ 11 ಇಟ್ಟರೆ ಆಯ್ತು, ಫೋಕಸ್ ಚೂರು ತಪ್ಪಿದರೂ ನಡೆಯುತ್ತದೆ. ಮುಖ ತೆಗೆಯಲು ಹೊರಟಾಗಲೇ ಪೇಚಾಟ ಶುರು.

ಈ ಕಿರಣಗಳು ಲೆನ್ಸ್ ದಾಟಿದ ಮೇಲೆ ಮಾಮೂಲಿ ಬೆಳಕಿಗಿಂತ ಚೂರು ಹಿಂದೆ ಹೋಗಿ ಕೂಡುತ್ತವೆ. ನನ್ನದು 85 ಎಂಎಂ ಲೆನ್ಸ್. ಎರಡು ಮೀಟರ್ ದೂರದಲ್ಲಿ ಕೂತವರ ಕಣ್ಣಿಗೆ ಫೋಕಸ್ ಮಾಡಿ ಹಾಗೇ ಬಿಟ್ಟರೆ ಫೋಕಸ್ ಕಿವಿಯ ಕಡೆ ಸರಿಯುತ್ತದೆ.

ಹಳೆಯ ಲೆನ್ಸುಗಳಲ್ಲಿ ಫೋಕಸ್ ಗೆರೆಯ ಪಕ್ಕ ಒಂದು ಕೆಂಪು ಚುಕ್ಕೆ ಇರುತ್ತದೆ, ನೋಡಿರಬಹುದು. ಮಾಮೂಲಿ ಬೆಳಕನ್ನು ತಡೆಯುವ ಫಿಲ್ಟರನ್ನು ಇನ್ನೂ ಹಾಕದೆ ಕಣ್ಣಿಗೆ ಫೋಕಸ್ ಮಾಡಿ, ಗೆರೆಯ ಎದುರು ಬಂದ ದೂರವನ್ನು ಚುಕ್ಕೆಯ ಎದುರಿಗೆ ತಿರುಗಿಸಬೇಕು ಅಂತ ಎಲ್ಲರೂ ಹೇಳುತ್ತಾರೆ. ಆದರೆ 900 ನ್ಯಾನೋಮೀಟರ್ ಅಲೆಯುದ್ದದ ಕಿರಣಗಳವರೆಗೆ ಕಾಣುತ್ತಿದ್ದ ಕೊಡ್ಯಾಕ್ ಎಚ್‌ಐಇ ಫಿಲ್ಮ್ 2007ರಲ್ಲೇ ನಿಂತುಹೋಯಿತು. ನಾನು ಬಳಸುವ ರೋಲೈ ಇನ್‌ಫ್ರಾರೆಡ್ 400 ಕಾಣುವುದು ಸುಮಾರು 820ರವರೆಗೆ, ಇಲ್ಫೋರ್ಡ್ ಎಸ್‌ಎಫ್‌ಎಕ್ಸ್ ಬರೀ 740. ಅಲೆಯುದ್ದ ಮಾಮೂಲಿ ಬೆಳಕಿಗೆ ಹತ್ತಿರವಾದಷ್ಟೂ ಫೋಕಸ್ ಸರಿಯುವುದು ಕಮ್ಮಿ. ಹಾಗಾಗಿ ರೋಲೈಗೆ ನಾನು ಚುಕ್ಕೆಯ ಅರ್ಧ ದಾರಿಗೆ ನಿಲ್ಲಿಸುತ್ತೇನೆ. ಎಸ್‌ಎಫ್‌ಎಕ್ಸ್ ಆದರೆ ಎಫ್ 8 ಸಾಕು, ಫೋಕಸ್ ಮಾಡಿದ ಮೇಲೆ ರಿಂಗ್ ಮುಟ್ಟುವುದೇ ಇಲ್ಲ.

ಆಮೇಲೆ ಹೋಯಾ ಆರ್72 ಫಿಲ್ಟರ್ ಹಾಕಿದರೆ ವ್ಯೂಫೈಂಡರ್ ಕತ್ತಲೆ. ಬೆಳಕು ಅಳೆಯುವ ಮೀಟರನ್ನು 12 ಐಎಸ್ಒಗೆ, ಅಂದರೆ ತೀರಾ ನಿಧಾನದ ಫಿಲ್ಮಿನ ಲೆಕ್ಕಕ್ಕೆ, ಇಟ್ಟು ಅಳೆಯುತ್ತೇನೆ, ಒಳ್ಳೆಯ ಬಿಸಿಲಲ್ಲೂ ಎಫ್ 8ಕ್ಕೆ 1/60 ಸೆಕೆಂಡಿನ ಆಸುಪಾಸು ಬರುತ್ತದೆ, ಟ್ರೈಪಾಡ್ ಬೇಕೇ ಬೇಕು. ನೆರಳಲ್ಲಂತೂ ಇನ್‌ಫ್ರಾರೆಡ್ ತೀರಾ ಕಮ್ಮಿ. ಫಿಲ್ಟರ್ ತಿರುಗಿಸಿ ಹಾಕುವಷ್ಟರಲ್ಲಿ ಕೂತವರು ಮುಂದೆ ಬಾಗಿದರೆ ಇಷ್ಟೆಲ್ಲಾ ಮಾಡಿದ್ದು ನೀರುಪಾಲು, ಅದಕ್ಕೇ ತಲೆಯನ್ನು ಗೋಡೆಗೋ ಮರದ ಕಾಂಡಕ್ಕೋ ಒರಗಿಸಿ ಕೂರಿಸುತ್ತೇನೆ.

ಇನ್ನೊಂದು ವಿಷಯ. ಈ ಕಿರಣಗಳು ಚರ್ಮದೊಳಗೆ ಹೊಕ್ಕು ಚದುರಿ ಆಚೆ ಬರುತ್ತವೆ. ಕೆನ್ನೆ ಮೇಣದ ಹಾಗೆ ನುಣ್ಣಗಾಗುತ್ತದೆ, ಮೊಡವೆ ಮಾಯ, ತುಟಿ ಬಿಳಿಚುತ್ತದೆ. ಹಣೆಯ ಕೆಂಪು ಕುಂಕುಮವೂ ಮಾಸಿಹೋಗುತ್ತದೆ, ನನ್ನ ತಂಗಿಗೆ ಇದೇ ದೊಡ್ಡ ತಕರಾರು! ಕೆನ್ನೆ ನೋಡಿ ಫೋಕಸ್ ತಪ್ಪಿದೆ ಅನ್ನಬೇಡಿ. ನೆಗೆಟಿವ್ ಮೇಲೆ ಲೂಪ್ (ಭೂತಗನ್ನಡಿ) ಇಟ್ಟು ರೆಪ್ಪೆಗೂದಲು, ಹುಬ್ಬು ಮಾತ್ರ ನೋಡಿ. ಕಣ್ಣಿಗೆ ದೀಪದ ಮಸಿಯ ಕಾಡಿಗೆ ಹಚ್ಚಿಸಿದರೆ ಇನ್ನೂ ಒಳ್ಳೆಯದು. ಮಸಿ ಇನ್‌ಫ್ರಾರೆಡ್‌ನಲ್ಲೂ ಕಪ್ಪಾಗೇ ಉಳಿಯುತ್ತದೆ, ಕಣ್ಣಿನ ಅಂಚು ಗೆರೆ ಎಳೆದಷ್ಟು ಸ್ಪಷ್ಟ ಬರುತ್ತದೆ.