ಸರ್ಕಾರಿ ಮಾಪನದಲ್ಲಿ ಪಿಎಂ 2.5 ಅನ್ನು ಓದುವ ಕ್ರಮ

ಪಿಎಂ 2.5 ಎಂದರೆ ಗಾಳಿಯಲ್ಲಿ ತೇಲುವ, 2.5 ಮೈಕ್ರೋಮೀಟರ್ ಅಥವಾ ಅದಕ್ಕಿಂತ ಸಣ್ಣ ಕಣಗಳು. ಇದನ್ನು ನೋಡಲು ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಜಾಲತಾಣ ಅಥವಾ ‘ಸಮೀರ್’ ಆ್ಯಪ್ ತೆರೆದು, ಊರಿನ ಸರಾಸರಿಯನ್ನು ಬಿಟ್ಟು, ನಿಮಗೆ ಹತ್ತಿರದ ಮಾಪನ ಕೇಂದ್ರವನ್ನೇ ಆಯ್ದುಕೊಳ್ಳಿ. ಬೆಂಗಳೂರಿನಲ್ಲಿ ಪೀಣ್ಯದ ಗಾಳಿಗೂ ಜಯನಗರದ ಗಾಳಿಗೂ ಸಾಕಷ್ಟು ಅಂತರವಿರಬಹುದು.

ಮೊದಲು ಕಾಣುವ ದೊಡ್ಡ ಅಂಕಿ ವಾಯು ಗುಣಮಟ್ಟ ಸೂಚ್ಯಂಕವೇ ಹೊರತು ಕಣಗಳ ಪ್ರಮಾಣವಲ್ಲ. ಹೆಚ್ಚಿನವರು ಎಡವುವುದು ಇಲ್ಲಿಯೇ. ಪ್ರತಿ ಮಾಲಿನ್ಯಕಾರಕಕ್ಕೂ ಉಪಸೂಚ್ಯಂಕವನ್ನು ಲೆಕ್ಕಹಾಕಿ, ಅವುಗಳಲ್ಲಿ ಅತಿ ಹೆಚ್ಚಿನದನ್ನು ಮಾತ್ರ ಸೂಚ್ಯಂಕವೆಂದು ಪ್ರಕಟಿಸುವುದರಿಂದ, ಆ ದಿನದ ಪ್ರಧಾನ ಮಾಲಿನ್ಯಕಾರಕ ಪಿಎಂ 2.5 ಹೌದೋ ಅಲ್ಲವೋ ಎಂಬುದನ್ನು ನೋಡಿಕೊಳ್ಳಬೇಕು. ಹೌದಾದರೆ, ಸೂಚ್ಯಂಕ 100 ಎಂದರೆ ಘನ ಮೀಟರ್ ಗಾಳಿಯಲ್ಲಿ 60 ಮೈಕ್ರೋಗ್ರಾಂ, 200 ಎಂದರೆ 90 ಮೈಕ್ರೋಗ್ರಾಂ ಎಂದು ತಿಳಿಯಬಹುದು.

ಈ 60 ಎಂಬುದು 2009ರ ರಾಷ್ಟ್ರೀಯ ಮಾನದಂಡದ 24 ಗಂಟೆಗಳ ಮಿತಿ; ವಾರ್ಷಿಕ ಮಿತಿ 40. ವಿಶ್ವ ಆರೋಗ್ಯ ಸಂಸ್ಥೆಯು 2021ರಲ್ಲಿ ಸೂಚಿಸಿದ ಮಟ್ಟಗಳು ಕ್ರಮವಾಗಿ 15 ಮತ್ತು 5 ಆಗಿರುವುದರಿಂದ, ಸೂಚ್ಯಂಕ 51ರಿಂದ 100ರವರೆಗೆ ತೋರಿಸುವ ‘ತೃಪ್ತಿಕರ’ ಎಂಬ ಹಸಿರು ಪಟ್ಟಿಯನ್ನು ನಾನಂತೂ ಅಷ್ಟು ಸುಲಭವಾಗಿ ನಂಬುವುದಿಲ್ಲ.

ಪಿಎಂ 2.5ರ ಸೂಚ್ಯಂಕವು ಹಿಂದಿನ 24 ಗಂಟೆಗಳ ಸರಾಸರಿಯನ್ನು ಆಧರಿಸುತ್ತದೆ. ಆದ್ದರಿಂದ ದೀಪಾವಳಿಯ ರಾತ್ರಿ ಪಟಾಕಿಯ ಹೊಗೆ ಏರಿದಾಗ ಅದು ತಕ್ಷಣ ಜಿಗಿಯುವುದಿಲ್ಲ. ಗಾಳಿ ತಿಳಿಯಾದ ಮೇಲೂ ಬೇಗ ಇಳಿಯುವುದಿಲ್ಲ. ಬೆಳಗಿನ ನಡಿಗೆಗೆ ಹೊರಡುವ ಮುನ್ನ ಗಂಟೆವಾರು ದತ್ತಾಂಶವನ್ನು ನೋಡುವುದೇ ಸರಿ. ನಡುವೆ ಕೆಲವು ಗಂಟೆಗಳ ಅಂಕಿಗಳು ಕಾಣದಿದ್ದರೆ ಅದನ್ನು ಶೂನ್ಯವೆಂದು ಭಾವಿಸದೆ, ಮತ್ತೊಂದು ಸಮೀಪದ ಕೇಂದ್ರದೊಂದಿಗೆ ಹೋಲಿಸಿ.